‘ಬರೀ ತಲೆನೋವು ತಾನೇ’ ಅನ್ನುವ ಮುನ್ನ

ನಮ್ಮ ಮಾತಿನಲ್ಲಿ ‘ತಲೆನೋವು’ ಎಂಬ ಪದ ಕಾಯಿಲೆಗಿಂತ ಕಿರಿಕಿರಿಗೇ ಹೆಚ್ಚು ಬಳಕೆಯಾಗುತ್ತದೆ. ಸಂಜೆಯ ಟ್ರಾಫಿಕ್ ಒಂದು ತಲೆನೋವು, ಪಾಸಾಗದೆ ಉಳಿದ ಸಬ್ಜೆಕ್ಟ್ ಇನ್ನೊಂದು ತಲೆನೋವು, ತಿಂಗಳ ಮೊದಲ ವಾರ ಬಾಡಿಗೆ ಕೇಳುವ ಓನರ್ ಮತ್ತೊಂದು. ‘ಪರೀಕ್ಷೆ ಮುಂದೂಡಲಾಗಿದೆ’ ಎಂಬ ಪ್ರಕಟಣೆಯಂತೂ ನಮ್ಮಂಥ ಉದ್ಯೋಗಾಕಾಂಕ್ಷಿಗಳ ಪಾಲಿಗೆ ಖಾಯಂ ತಲೆನೋವು. ಪದ ಹೀಗೆ ಸವೆದು ಹೋಗಿರುವುದರಿಂದಲೋ ಏನೋ, ಯಾರಾದರೂ ನಿಜವಾಗಿಯೂ ತಲೆ ಹಿಡಿದುಕೊಂಡು ಕುಳಿತಾಗ ಅದು ನಮಗೆ ಕಾಯಿಲೆಯ ಹಾಗೆ ಕಾಣುವುದೇ ಇಲ್ಲ.

ಹಾಸ್ಟೆಲ್ಲಿನಲ್ಲೋ ಪಿ.ಜಿ.ಯಲ್ಲೋ ‘ತಲೆ ನೋಯ್ತಿದೆ ಕಣೋ’ ಅಂದು ನೋಡಿ. ‘ಸ್ಟ್ರಾಂಗ್ ಆಗಿ ಒಂದು ಟೀ ಕುಡಿ’, ‘ರಾತ್ರಿಯೆಲ್ಲ ಮೊಬೈಲ್ ನೋಡ್ತೀಯಲ್ಲ, ಇನ್ನೇನಾಗುತ್ತೆ’, ‘ನನ್ನ ಬ್ಯಾಗಲ್ಲಿ ಮಾತ್ರೆ ಇದೆ ತಗೋ’ ಎಂಬ ಮೂರು ಉತ್ತರಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಹೆಚ್ಚಿನ ಸಲ ಈ ಸಲಹೆಗಳು ಕೆಲಸವನ್ನೂ ಮಾಡುತ್ತವೆ. ಟೀ ಕುಡಿದು, ಒಂದು ನಿದ್ದೆ ಮಾಡಿ ಎದ್ದರೆ ನೋವು ಹೋಗಿರುತ್ತದೆ. ಅಪಾಯ ಇರುವುದೂ ಅಲ್ಲೇ. ನೂರು ಸಲ ತಾನಾಗಿಯೇ ವಾಸಿಯಾದ ನೋವು ನೂರೊಂದನೇ ಸಲ ಬೇರೇನನ್ನೋ ಹೇಳಲು ಬಂದಿದ್ದರೂ ನಾವು ಅದೇ ಟೀ, ಅದೇ ಮಾತ್ರೆ, ಅದೇ ನಿದ್ದೆಯ ಮೊರೆ ಹೋಗುತ್ತೇವೆ.

ಆದ್ದರಿಂದ ನನ್ನ ವಾದ ಸರಳ. ಕಾಯಬಹುದಾದ ತಲೆನೋವು ಯಾವುದು, ಕಾಯಬಾರದ ತಲೆನೋವು ಯಾವುದು ಎಂಬುದು ವೈದ್ಯರಿಗಷ್ಟೇ ಗೊತ್ತಿದ್ದರೆ ಸಾಲದು. ಮನೆ ಬಿಟ್ಟು ರೂಮು ಮಾಡಿಕೊಂಡಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಊರಲ್ಲಾದರೆ ಮುಖ ನೋಡಿಯೇ ‘ಯಾಕೋ ಮಗ ಹೀಗಿದ್ದೀಯ’ ಎಂದು ಕೇಳುವ ಅಮ್ಮ ಇರುತ್ತಾಳೆ. ಇಲ್ಲಿ ಆ ಜಾಗದಲ್ಲಿ ಇರುವುದು ರೂಮ್‌ಮೇಟ್ ಮಾತ್ರ.

ಎಲ್ಲರಿಗೂ ಇರುವುದೇ, ಆದರೆ ಎಲ್ಲವೂ ಒಂದೇ ಅಲ್ಲ

‘ತಲೆನೋವು ಎಲ್ಲರಿಗೂ ಇರುವುದೇ’ ಎಂಬ ಮಾತು ಸುಳ್ಳಲ್ಲ. ನಮ್ಮ ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ನಿಮ್ಹಾನ್ಸ್ ಸಂಶೋಧಕರು ಮನೆಮನೆಗೆ ಹೋಗಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದೊಳಗಿನವರಲ್ಲಿ ಸುಮಾರು 64 ಪ್ರತಿಶತ ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಅಂದರೆ ನಲವತ್ತು ಜನ ಕೂರುವ ಕೋಚಿಂಗ್ ಕ್ಲಾಸಿನಲ್ಲಿ ಹತ್ತು ಜನ ಇಂಥವರು ಇದ್ದರೂ ಆಶ್ಚರ್ಯವಿಲ್ಲ.

ನಮ್ಮ ವಯಸ್ಸಿನವರ ತಲೆನೋವಿನಲ್ಲಿ ಬಹುಪಾಲು ಎರಡೇ ಬಗೆಯವು. ಒಂದು ಒತ್ತಡದ ತಲೆನೋವು. ತಲೆಯ ಎರಡೂ ಬದಿಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ, ಕುತ್ತಿಗೆ ಹಿಡಿದ ಹಾಗೆ ಇರುತ್ತದೆ. ಎದ್ದು ಓಡಾಡಿದರೆ ಹೆಚ್ಚಾಗುವುದಿಲ್ಲ. ಊಟ ಬಿಟ್ಟಿದ್ದು, ನಿದ್ದೆಗೆಟ್ಟಿದ್ದು, ಲೈಬ್ರರಿಯಲ್ಲಿ ಬಾಗಿ ಕುಳಿತೇ ಎಂಟು ಗಂಟೆ ಓದಿದ್ದು ಇದಕ್ಕೆ ಕಾರಣವಾಗಬಹುದು. ದಿನಾ ನಾಲ್ಕು ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೂ ತಲೆ ನೋಯುತ್ತದೆ.

ಇನ್ನೊಂದು ಮೈಗ್ರೇನ್, ನಮ್ಮ ಹಿರಿಯರು ಅರೆತಲೆನೋವು ಎಂದು ಕರೆದದ್ದು. ಸಾಮಾನ್ಯವಾಗಿ ಒಂದೇ ಬದಿ ಲಬಲಬ ಬಡಿದುಕೊಳ್ಳುತ್ತದೆ. ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ, ಮೆಟ್ಟಿಲು ಹತ್ತಿದರೂ ಜಾಸ್ತಿಯಾಗುತ್ತದೆ. ಔಷಧ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆ ಕಾಡಬಹುದು. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕು ಮಿಂಚಿನ ಗೆರೆಗಳು ಕಾಣುತ್ತವೆ. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು, ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಬರುವುದೂ ಉಂಟು.

ಈ ಎರಡೂ ಎಷ್ಟೇ ಹಿಂಸೆ ಕೊಟ್ಟರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯ ತರುವಂಥವಲ್ಲ. ಇಲ್ಲೊಂದು ವಿಚಿತ್ರವನ್ನು ನಾವು ತಿಳಿದಿರಬೇಕು. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ನೋಯುವುದು ಅದರ ಸುತ್ತಲಿನ ಪೊರೆ, ರಕ್ತನಾಳ, ತಲೆ ಮತ್ತು ಕತ್ತಿನ ಸ್ನಾಯುಗಳು. ಹಾಗಾಗಿ ನೋವಿನ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ನೇರ ಲೆಕ್ಕ ಇಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುವ ಮೈಗ್ರೇನ್ ಮರುದಿನ ಮಾಯವಾಗಬಹುದು, ಸಣ್ಣಗೆ ಜಿನುಗುವ ನೋವಿನ ಹಿಂದೆ ದೊಡ್ಡದೇನೋ ಇರಬಹುದು. ‘ಅಷ್ಟೇನೂ ನೋಯ್ತಿಲ್ಲ ಬಿಡು’ ಎಂಬ ಸಮಾಧಾನ ಕೆಲಸಕ್ಕೆ ಬಾರದಿರುವುದು ಈ ಕಾರಣಕ್ಕೆ.

ಕೇಳಬೇಕಾದ ಮೂರು ಪ್ರಶ್ನೆ

‘ಎಷ್ಟು ನೋಯ್ತಿದೆ’ ಎಂಬ ಒಂದೇ ಪ್ರಶ್ನೆಗೆ ಬದಲಾಗಿ ನಾವು ಮೂರು ಪ್ರಶ್ನೆ ಕೇಳಲು ಕಲಿಯಬೇಕು.

ಮೊದಲನೆಯದು, ಹೇಗೆ ಶುರುವಾಯಿತು? ಕ್ಷಣಮಾತ್ರದಲ್ಲಿ, ತಲೆಯ ಮೇಲೆ ಯಾರೋ ದೊಣ್ಣೆಯಿಂದ ಬಾರಿಸಿದ ಹಾಗೆ ಶುರುವಾಗಿ, ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟಿದ ನೋವಾದರೆ ಅದು ತುರ್ತು. ಮಿದುಳಿನ ಸುತ್ತ ರಕ್ತನಾಳ ಒಡೆದಾಗ ಹೀಗಾಗಬಹುದು. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತೆಂದು ಮಲಗಬಾರದು, ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕು. ತಲೆಗೆ ಪೆಟ್ಟು ಬಿದ್ದ ನಂತರ ಶುರುವಾದ ನೋವೂ ಹೀಗೆಯೇ. ಬೈಕಿಂದ ಬಿದ್ದವನು ಎದ್ದು, ಬಟ್ಟೆ ಕೊಡವಿಕೊಂಡು, ನಗುತ್ತಾ ರೂಮಿಗೆ ಬಂದಿರಬಹುದು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗುತ್ತಿದ್ದರೆ ಮೊದಲ ಕೆಲವು ಗಂಟೆ ಆತ ಆರಾಮವಾಗಿಯೇ ಇರುತ್ತಾನೆ. ಆಮೇಲೆ ನೋವು ಏರುತ್ತಾ ಹೋದರೆ, ವಾಂತಿಯಾದರೆ, ತೂಕಡಿಕೆ ಹೆಚ್ಚಾದರೆ ‘ಸುಸ್ತಾಗಿದೆ, ಮಲಗಲಿ’ ಎಂದು ಬಿಡುವುದು ಪ್ರಾಣಕ್ಕೇ ಕುತ್ತು.

ಎರಡನೆಯದು, ಜೊತೆಗೆ ಇನ್ನೇನಿದೆ? ಜ್ವರವಿದ್ದು, ಕತ್ತು ಸೆಟೆದು ಗದ್ದವನ್ನು ಎದೆಗೆ ತಾಗಿಸಲು ಆಗದಿದ್ದರೆ ಅದು ಮೆನಿಂಜೈಟಿಸ್ ಅಂದರೆ ಮಿದುಳು ಪೊರೆಯ ಸೋಂಕಾಗಿರಬಹುದು. ಇದರಲ್ಲಿ ಗಂಟೆಗಳೂ ಮುಖ್ಯ. ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಫಿಟ್ಸ್ ಬರುವುದು, ಅಸಂಬದ್ಧವಾಗಿ ಮಾತಾಡುವುದು, ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು ಇವೆಲ್ಲ ತಲೆನೋವಿನ ಜೊತೆ ಬಂದರೆ ಕಾಯುವಂತಿಲ್ಲ. ಗರ್ಭಿಣಿಯರಲ್ಲಿ, ಹೊಸ ಬಾಣಂತಿಯರಲ್ಲಿ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲಿ ಬರುವ ಹೊಸ, ಬಿಡದ ತಲೆನೋವನ್ನೂ ಬೇಗ ತೋರಿಸಬೇಕು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇವರಲ್ಲಿ ಹೆಚ್ಚು.

ಮೂರನೆಯದು, ಇದು ಹಳೆಯ ನೋವೇ, ಹೊಸದೇ? ಎಂದೂ ತಲೆನೋವು ಬಾರದವರಿಗೆ ಬಂದದ್ದು, ಬರುತ್ತಿದ್ದವರಿಗೆ ಬೇರೆ ಥರ ಬಂದದ್ದು, ವಾರದಿಂದ ವಾರಕ್ಕೆ ಏರುತ್ತಾ ಹೋಗುವುದು, ನಿದ್ದೆಯಿಂದ ಎಬ್ಬಿಸುವುದು, ಬೆಳಿಗ್ಗೆ ಎದ್ದಾಗಲೇ ವಾಂತಿಯೊಂದಿಗೆ ಇರುವುದು, ಕೆಮ್ಮಿದರೆ ಸೀನಿದರೆ ಬಾಗಿದರೆ ಹೆಚ್ಚಾಗುವುದು ಇವುಗಳನ್ನು ಕೆಲವೇ ದಿನಗಳೊಳಗೆ ವೈದ್ಯರಿಗೆ ತೋರಿಸಬೇಕು. ಊರಿನಿಂದ ಅಪ್ಪನೋ ಅಮ್ಮನೋ ‘ಇತ್ತೀಚೆಗೆ ಯಾಕೋ ತಲೆ ನೋವು’ ಅಂದರೆ ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನು ವೈದ್ಯರು ಬೇರೆಯೇ ಕಣ್ಣಿಂದ ನೋಡುತ್ತಾರೆ.

ರೂಮಿನೊಳಗಿನ ಕಾರಣಗಳು

ನಮ್ಮ ಬದುಕಿನ ರೀತಿಗೇ ಅಂಟಿಕೊಂಡ ಕೆಲವು ಕಾರಣಗಳೂ ಇವೆ. ಅವು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ಬಾತ್‌ರೂಮಿನ ಗ್ಯಾಸ್ ಗೀಸರ್‌ ನೋಡಿ. ಕಿಟಕಿಯಿಲ್ಲದ ಕಿರಿದಾದ ಬಾತ್‌ರೂಮಿನಲ್ಲಿ ಅದು ಉರಿದಾಗ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಮೊದಲ ಸೂಚನೆ ತಲೆನೋವು, ತಲೆಸುತ್ತು, ವಾಕರಿಕೆ. ಸ್ನಾನಕ್ಕೆ ಹೋದಾಗಲೆಲ್ಲ ತಲೆ ನೋಯುತ್ತಿದ್ದರೆ, ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ನೋಯುತ್ತಿದ್ದರೆ, ಹೊರಗೆ ಹೋದ ಕೂಡಲೇ ಕಡಿಮೆಯಾಗುತ್ತಿದ್ದರೆ ಮಾತ್ರೆ ಹುಡುಕಬೇಡಿ. ಗೀಸರ್ ಆರಿಸಿ, ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಗೀಸರನ್ನು ಗಾಳಿಯಾಡುವ ಹೊರಜಾಗಕ್ಕೆ ಹಾಕಿಸಿ ಎಂದು ಓನರ್ ಬಳಿ ಕೇಳುವುದು ಬಾಡಿಗೆ ಕೊಡುವ ನಮ್ಮ ಹಕ್ಕು.

ಮಳೆಗಾಲದಲ್ಲಿ ಡೆಂಗಿ. ಜೋರು ಜ್ವರದ ಜೊತೆ ಕಣ್ಣಿನ ಹಿಂದೆ ಒತ್ತಿದಂಥ ನೋವು ಅದರ ಲಕ್ಷಣಗಳಲ್ಲೊಂದು. ಆಗ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೊಂದು, ಯಾರೂ ಊಹಿಸದ ಕಾರಣ. ನನ್ನ ಪರಿಚಯದ ಹುಡುಗಿಯೊಬ್ಬಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ತಲೆನೋವು ಬಂದಾಗ ಎಲ್ಲರೂ ಹೇಳಿದ್ದು ಒಂದೇ, ‘ಕಂಪ್ಯೂಟರ್ ಜಾಸ್ತಿ ನೋಡ್ತೀಯ, ಕನ್ನಡಕ ಹಾಕಿಸ್ಕೊ’. ಅಂಗಡಿಯಲ್ಲಿ ನಂಬರ್ ನೋಡಿ ಕನ್ನಡಕ ಕೊಟ್ಟರು. ನೋವು ನಿಲ್ಲಲಿಲ್ಲ. ಬಾಗಿ ಚಪ್ಪಲಿ ಹಾಕಿಕೊಳ್ಳುವಾಗ ಕೆಲವು ಸೆಕೆಂಡು ಕಣ್ಣು ಕತ್ತಲಾಗತೊಡಗಿತು. ಕಿವಿಯಲ್ಲಿ ನಾಡಿಯ ಜೊತೆಗೇ ಭುಸ್ ಭುಸ್ ಸದ್ದು. ಕೊನೆಗೆ ಕಣ್ಣಿನ ಆಸ್ಪತ್ರೆಯ ವೈದ್ಯರು ಹನಿ ಹಾಕಿ ಕಣ್ಣಿನ ಹಿಂಭಾಗ ಪರೀಕ್ಷಿಸಿದಾಗ ಕಣ್ಣಿನ ನರ ಊದಿಕೊಂಡಿತ್ತು. ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿತ್ತು. ಮೊಡವೆಗೆಂದು ಅವಳು ತಿಂಗಳುಗಟ್ಟಲೆ ನುಂಗುತ್ತಿದ್ದ ಮಾತ್ರೆಗೆ ಆ ಅಡ್ಡಪರಿಣಾಮ ಇರಬಹುದೆಂದು ವೈದ್ಯರು ಅದನ್ನು ನಿಲ್ಲಿಸಿ ಚಿಕಿತ್ಸೆ ಕೊಟ್ಟರು. ದೃಷ್ಟಿ ಉಳಿಯಿತು. ಇನ್ನೂ ತಡವಾಗಿದ್ದರೆ ಅದೂ ಹೋಗುತ್ತಿತ್ತು. ಅಂಗಡಿಯಲ್ಲಿ ನಂಬರ್ ನೋಡುವುದಕ್ಕೂ ವೈದ್ಯರು ಕಣ್ಣಿನ ನರ ನೋಡುವುದಕ್ಕೂ ಇರುವ ವ್ಯತ್ಯಾಸ ನಮ್ಮ ಗುಂಪಿನ ಎಲ್ಲರಿಗೂ ಅರ್ಥವಾದದ್ದು ಆಗಲೇ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್, ಐಸೊಟ್ರೆಟಿನೊಯಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಹೊಸದಾಗಿ ತಲೆನೋವು ಶುರುವಾದರೆ ಅದನ್ನು ಬರೆದುಕೊಟ್ಟ ವೈದ್ಯರಿಗೆ ಹೇಳಲೇಬೇಕು.

ಮಾತ್ರೆಯೇ ಕಾಯಿಲೆಯಾದಾಗ

ನಮ್ಮ ಬ್ಯಾಗುಗಳಲ್ಲಿ ಪೆನ್ನು ಇಲ್ಲದಿದ್ದರೂ ಪ್ಯಾರಾಸಿಟಮಾಲ್ ಇರುತ್ತದೆ. ಪೆಪ್ಪರ್‌ಮೆಂಟಿನಂತೆ ಹಂಚಿಕೊಂಡು ನುಂಗುತ್ತೇವೆ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. 650 ಮಿಲಿಗ್ರಾಂನ ಆರು ಮಾತ್ರೆ ಅಂದರೆ 3,900 ಮಿಲಿಗ್ರಾಂ, ಅಲ್ಲಿಗೆ ಆ ಗಡಿ ಮುಗಿಯಿತು. ಇದರ ಮೇಲೆ ಶೀತದ ಮಾತ್ರೆ ತೆಗೆದುಕೊಂಡರೆ ಅದರಲ್ಲೂ ಹೆಚ್ಚಾಗಿ ಪ್ಯಾರಾಸಿಟಮಾಲ್ ಇರುತ್ತದೆ. ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಅದಕ್ಕಿಂತ ಸದ್ದಿಲ್ಲದ ಇನ್ನೊಂದು ತೊಂದರೆ ಇದೆ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಸಾಮಾನ್ಯ ನೋವಿನ ಮಾತ್ರೆಯನ್ನು, ಇಲ್ಲವೇ 10 ದಿನ ಅಥವಾ ಹೆಚ್ಚು ಹಲವು ಔಷಧ ಸೇರಿಸಿದ ಮಾತ್ರೆಯನ್ನು ಮೂರು ತಿಂಗಳು ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ತರಲು ಶುರುಮಾಡುತ್ತದೆ. ನೋವೆಂದು ಮಾತ್ರೆ, ಮಾತ್ರೆಯಿಂದ ನೋವು. ಪರೀಕ್ಷೆ ಹತ್ತಿರ ಬಂದಂತೆ ಈ ಸುಳಿಗೆ ಸಿಕ್ಕವರನ್ನು ನಮ್ಮ ಸುತ್ತಲೇ ಕಾಣಬಹುದು. ಇದರಿಂದ ಹೊರಬರುವ ದಾರಿ ಇನ್ನೂ ಸ್ಟ್ರಾಂಗ್ ಮಾತ್ರೆ ಅಲ್ಲ, ವೈದ್ಯರ ನೆರವಿನಿಂದ ಅದನ್ನು ಬಿಡುವುದು.

ಮೈಗ್ರೇನ್ ಇರುವವರಿಗೆ ನಾವು ಮಾಡುವ ಅನ್ಯಾಯವನ್ನೂ ಇಲ್ಲೇ ಹೇಳಬೇಕು. ಲೈಟ್ ಆರಿಸಿ ಮುಸುಕು ಹಾಕಿ ಮಲಗಿದವಳಿಗೆ ‘ನಾಟಕ’ ಎನ್ನುತ್ತೇವೆ. ರಜೆ ಕೇಳಿದರೆ ‘ನೆಪ’ ಎನ್ನುತ್ತಾರೆ ಮೇಲಿನವರು. ಹೀಗೆ ಕೇಳಿಸಿಕೊಂಡವರು ಕ್ರಮೇಣ ಹೇಳುವುದನ್ನೇ ಬಿಡುತ್ತಾರೆ. ವೈದ್ಯರ ಬಳಿಯೂ ಹೋಗುವುದಿಲ್ಲ. ಆದರೆ ಮೈಗ್ರೇನ್‌ಗೆ ಅದರದ್ದೇ ಔಷಧಗಳಿವೆ, ತಿಂಗಳಿಗೆ ನಾಲ್ಕೈದು ದಿನ ಕೆಲಸ ಕೆಡಿಸುವಷ್ಟು ಬರುತ್ತಿದ್ದರೆ ಮುಂಚೆಯೇ ತಡೆಯುವ ಮಾತ್ರೆಗಳೂ ಇವೆ. ಜೀವಕ್ಕೆ ಅಪಾಯವಿಲ್ಲದ ನೋವಿಗೂ ಚಿಕಿತ್ಸೆ ಪಡೆಯುವ ಹಕ್ಕಿದೆ. ಓದಿನ ಎರಡು ವರ್ಷದಲ್ಲಿ ತಿಂಗಳಿಗೆ ಐದು ದಿನ ಕಳೆದುಹೋದರೆ ಒಟ್ಟು 120 ದಿನ. ಒಂದು ಪ್ರಯತ್ನವೇ ಕೈತಪ್ಪಲು ಅಷ್ಟು ಸಾಕು.

‘ಸ್ಕ್ಯಾನ್ ಮಾಡಿಸಿ ದುಡ್ಡು ಕೀಳ್ತಾರೆ’

ಹಾಗಾದರೆ ತಲೆ ನೋಯಿತೆಂದು ಎಲ್ಲರೂ ಆಸ್ಪತ್ರೆಗೆ ಓಡಬೇಕೇ? ಬೇಡ. ರಾತ್ರಿ ಒಂದು ಗಂಟೆಗೆ ಮೊಬೈಲಿನಲ್ಲಿ ಹುಡುಕಿ ‘ಬ್ರೈನ್ ಟ್ಯೂಮರ್’ ಎಂದು ಓದಿ ನಿದ್ದೆ ಕೆಡಿಸಿಕೊಳ್ಳುವುದೂ ಬೇಡ. ತಲೆನೋವಿಗೆ ಗೆಡ್ಡೆ ಕಾರಣವಾಗುವುದು ತೀರಾ ವಿರಳ. ಮೇಲಿನ ಯಾವ ಸೂಚನೆಯೂ ಇಲ್ಲದ, ಪರೀಕ್ಷೆಯಲ್ಲಿ ಏನೂ ಕಾಣದ ಮಾಮೂಲು ತಲೆನೋವಿಗೆ ಸ್ಕ್ಯಾನ್ ಅಗತ್ಯವೇ ಇರುವುದಿಲ್ಲ. ವೈದ್ಯರಿಗೆ ಬೇಕಿರುವುದು ಮುಖ್ಯವಾಗಿ ನಿಮ್ಮ ಮಾತು. ಸರದಿಯಲ್ಲಿ ಐವತ್ತು ಜನ ಇರುವಾಗ ಸಿಗುವ ಮೂರು ನಿಮಿಷದಲ್ಲಿ ಎಲ್ಲವೂ ನೆನಪಾಗುವುದಿಲ್ಲ. ಹಾಗಾಗಿ ನೋವು ಬಂದ ದಿನಾಂಕ, ಎಷ್ಟು ಹೊತ್ತು ಇತ್ತು, ಯಾವ ಬದಿ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಊಟ ಆಗಿತ್ತೇ, ಮುಟ್ಟಿನ ದಿನವೇ, ಯಾವ ಮಾತ್ರೆ ಎಷ್ಟು ಎಂದು ಡೈರಿಯಲ್ಲಿ ಒಂದೊಂದು ಸಾಲು ಬರೆದಿಡಿ. ಒಂದು ತಿಂಗಳ ಆ ಹಾಳೆ ಬೇಡದ ಎಷ್ಟೋ ಪರೀಕ್ಷೆಗಳನ್ನು ಉಳಿಸುತ್ತದೆ.

ದುಡ್ಡಿನ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲಸ ಸಿಗದವರಿಗೆ ಇಎಸ್‌ಐ ಇಲ್ಲ, ಕಂಪನಿ ವಿಮೆ ಇಲ್ಲ, ಮನೆಯಲ್ಲಿ ಕೇಳಲು ಮುಖವಿಲ್ಲ. ‘ಹಬ್ಬಕ್ಕೆ ಊರಿಗೆ ಹೋದಾಗ ತೋರಿಸಿದರಾಯ್ತು’ ಎಂದು ದಿನ ದೂಡುವುದು ಈ ಕಾರಣಕ್ಕೇ. ಆದರೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಗೆ ಹಿಡಿಯುವುದು ಒಂದು ಪ್ಲೇಟ್ ಗೋಬಿಯ ದುಡ್ಡಿಗಿಂತ ಕಡಿಮೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆ, ಮರೆಗುಳಿತನದ ಜೊತೆ ತಲೆನೋವನ್ನೂ ಸೇರಿಸಲಾಗಿದೆ. ತುರ್ತಾದರೆ 108 ಆಂಬುಲೆನ್ಸ್ ಉಚಿತ. ಓದಿನ, ಕೆಲಸದ ಚಿಂತೆಯೇ ತಲೆಯನ್ನು ಹಿಂಡುತ್ತಿದೆ ಅನ್ನಿಸಿದರೆ 14416 ಟೆಲಿ ಮಾನಸ್‌ಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬೇಕಿರುವುದು ರಾತ್ರಿಯ ನಿಯಮ

ನಮಗೆ ತಿಳಿದಿದ್ದರಷ್ಟೇ ಸಾಲದು, ನಮ್ಮ ಸಂಸ್ಥೆಗಳೂ ಬದಲಾಗಬೇಕು. ಬಹಳಷ್ಟು ಹಾಸ್ಟೆಲ್, ಪಿ.ಜಿ.ಗಳಲ್ಲಿ ರಾತ್ರಿ ಒಂಬತ್ತೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಅದರಾಚೆ ಯಾರಿಗಾದರೂ ಏನಾದರೂ ಆದರೆ ವಾರ್ಡನ್‌ಗೆ ಫೋನ್, ವಾರ್ಡನ್‌ನಿಂದ ಪೋಷಕರಿಗೆ ಫೋನ್, ಪೋಷಕರು ಒಪ್ಪಿದ ಮೇಲೆ ಗಾಡಿ ಹುಡುಕಾಟ. ಕೊನೆಗೆ ‘ಬೆಳಿಗ್ಗೆ ನೋಡೋಣ’. ಹಠಾತ್ತನೆ ಬಂದ ತಲೆನೋವಿಗೂ ಮೆನಿಂಜೈಟಿಸ್‌ಗೂ ಆ ಬೆಳಗಿನವರೆಗೆ ಕಾಯುವ ತಾಳ್ಮೆ ಇಲ್ಲ.

ಆದ್ದರಿಂದ ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ಲಿಖಿತ ನಿಯಮ ಇರಲಿ. ದಿಢೀರ್ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿತ, ಪೆಟ್ಟಿನ ನಂತರದ ವಾಂತಿ ಅಥವಾ ತೂಕಡಿಕೆ, ಫಿಟ್ಸ್, ಮಾತು ಅಥವಾ ಕೈಕಾಲಿನ ತೊಂದರೆ ಈ ಐದರಲ್ಲಿ ಯಾವುದಿದ್ದರೂ ರೂಮ್‌ಮೇಟ್ ಯಾರ ಅನುಮತಿಗೂ ಕಾಯದೆ 108ಕ್ಕೆ ಕರೆ ಮಾಡಬಹುದು, ಗೇಟು ತೆರೆಯಲೇಬೇಕು, ಮನೆಯವರಿಗೆ ಸುದ್ದಿ ಆಮೇಲೆ. ಈ ಐದು ಸಾಲನ್ನು ಊಟದ ಮೆನು ಅಂಟಿಸುವ ಬೋರ್ಡಿನಲ್ಲೇ ಅಂಟಿಸಿದರೆ ಸಾಕು, ಖರ್ಚು ಒಂದು ಜೆರಾಕ್ಸ್‌ನದ್ದು. ಕಾಲೇಜು ಶುರುವಾದ ವಾರ ನಡೆಯುವ ಸ್ವಾಗತ ಸಮಾರಂಭದ ಭಾಷಣಗಳಲ್ಲಿ ಅರ್ಧ ಗಂಟೆ ಕಡಿತ ಮಾಡಿ ಸ್ಥಳೀಯ ವೈದ್ಯರೊಬ್ಬರಿಂದ ಇದನ್ನು ವಿವರಿಸಿದರೆ ಯಾರಿಗೂ ನಷ್ಟವಿಲ್ಲ.

ಅದು ಆಗುವವರೆಗೆ ನಾವು ಮಾಡಬಹುದಾದದ್ದು ನಮ್ಮ ಕೈಯಲ್ಲೇ ಇದೆ. ಇವತ್ತು ರಾತ್ರಿ ಪಕ್ಕದ ಮಂಚದವರು ‘ತಲೆ ನೋಯ್ತಿದೆ’ ಅಂದರೆ ಮಾತ್ರೆಯ ಶೀಟಿಗೆ ಕೈ ಹಾಕುವ ಮುಂಚೆ ಕೇಳಿ: ಯಾವಾಗ, ಹೇಗೆ ಶುರುವಾಯ್ತು? ಜೊತೆಗೆ ಇನ್ನೇನಾಗ್ತಿದೆ? ಮೊದಲೂ ಹೀಗೇ ಬರ್ತಿತ್ತಾ? ಉತ್ತರ ಸಮಾಧಾನ ತಂದರೆ ಟೀ ಮಾಡಿಕೊಡಿ, ಲೈಟ್ ಆರಿಸಿ. ತರದಿದ್ದರೆ ಚಪ್ಪಲಿ ಹಾಕಿಕೊಂಡು ಜೊತೆಗೆ ಹೊರಡಿ.